ಬಿತ್ತಿ ಉಳಿದ ಬತ್ತ

ಮೊದಲನೆಯ ತಾಮ್ರದ ಪಟ್ಟಿ ಎಷ್ಟು ಕುದಿಸಿದರೂ ಕೆಂಪಾಗಿಯೇ ಉಳಿಯಿತು. ಎರಡನೆಯದು ಬೆಳ್ಳಗಾಯಿತು.

ಡಾಕ್ಟರ್ ವಾಗ್ದೇವಿ ಅದನ್ನು ಚಿಮಟದಿಂದ ಎತ್ತಿ, ನೀರಿನಲ್ಲಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದರು. ತಾಮ್ರದ ಮೈ ಬೆಳ್ಳಿಯ ಕಾಲುಂಗುರದ ಹಾಗೆ ಹೊಳೆಯುತ್ತಿತ್ತು.

"ಪಾದರಸ," ಎಂದರು ಅವರು.

ಸಬ್ ಇನ್ಸ್‌ಪೆಕ್ಟರ್ ನಾಗರಾಜಪ್ಪ ಸ್ಟೂಲಿನಿಂದ ಎದ್ದ. ಹೊಸನಗರದಿಂದ ಬೆಳಿಗ್ಗೆಯೇ ಜೀಪಿನಲ್ಲಿ ಸಾಗರಕ್ಕೆ ಬಂದು, ಆಸ್ಪತ್ರೆಯ ಈ ಹಿಂಬದಿಯ ಕೋಣೆಯಲ್ಲಿ ಎರಡು ಗಂಟೆಯಿಂದ ಕೂತು ಅವನ ಸೊಂಟ ಹಿಡಿದುಕೊಂಡಿತ್ತು.

"ಮೊದಲನೇದು?"

"ಅದು ಹೆಂಡತಿ ಕಾಯಿಸಿಕೊಟ್ಟ ಕಷಾಯ. ಅಮೃತಬಳ್ಳಿ, ಮೆಂತೆ, ಹಾಗಲಕಾಯಿ. ಕಹಿ ಬಿಟ್ರೆ ಅದರಲ್ಲಿ ಏನೂ ಇಲ್ಲ. ಪಾದರಸ ಇರೋದು ಗಂಡನ ಮೂತ್ರದಲ್ಲಿ."

ನಾಗರಾಜಪ್ಪನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಳೆದ ಗುರುವಾರ ಸತ್ತ ದುಗ್ಗಪ್ಪನ ಹೆಂಡತಿ ಶಾಂತಮ್ಮ, ಅತ್ತೆ ಮೂಕಮ್ಮ ಕೊಟ್ಟ ದೂರಿನ ಮೇಲೆ, ನಿನ್ನೆಯಿಂದ ಹೊಸನಗರ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಹಿಡಿದು ತಂದವನು ಅವನೇ. ನಾಳೆ ಬೆಳಿಗ್ಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಗಂಡನಿಗೆ ವಿಷ ಹಾಕಿದವಳು ಎಂಬ ಹೆಸರು ಒಮ್ಮೆ ಕಚೇರಿಯ ಕಾಗದಕ್ಕೆ ಏರಿತೆಂದರೆ, ಆಮೇಲೆ ಯಾರು ಒರೆಸಿದರೂ ಅದು ಹೋಗುವ ಹೆಸರಲ್ಲ.

ಹಿಡಿದು ತರಲು ಅವನಿಗೆ ಕಾರಣಗಳಿದ್ದವು. ಹೆಣ ಎತ್ತುವಾಗ ಅವಳು ಅಳಲಿಲ್ಲ ಎಂದು ಊರೆಲ್ಲ ಆಡಿಕೊಂಡಿತ್ತು. ಹಿಂದಿನ ವರ್ಷ, ಅಣೆಕಟ್ಟಿನ ನೀರಿಗೆ ಊರು ಬಿಟ್ಟ ಮುಳುಗಡೆಯ ಜನರನ್ನು ಇಳಿಸಿದ್ದ ಶಿಬಿರದಲ್ಲಿ, ಅವಳ ಮೂರು ವರ್ಷದ ಮಗಳು ರಂಗಿ ಜ್ವರದಿಂದ ತೀರಿಕೊಂಡಿದ್ದಳು. ಆ ದಿನ ದುಗ್ಗಪ್ಪ ಹೊಸ ಜಮೀನಿನ ಹಕ್ಕುಪತ್ರಕ್ಕೆಂದು ಕಚೇರಿಯ ಸಾಲಿನಲ್ಲಿ ನಿಂತಿದ್ದ. ಮಗುವನ್ನು ಸಾಗರಕ್ಕೆ ಒಯ್ಯೋಣವೆಂದು ಹೆಂಡತಿ ಎರಡು ಸಲ ಹೇಳಿಕಳಿಸಿದರೂ ಸಾಲು ಬಿಟ್ಟು ಬರಲಿಲ್ಲ. ಅಂದಿನಿಂದ ಶಾಂತಮ್ಮ ಗಂಡನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳಂತೆ.

ಪೊಲೀಸಿನವನ ತಲೆಗೆ ಇಷ್ಟು ಸಿಕ್ಕರೆ ಸಾಕು, ಉಳಿದದ್ದನ್ನು ಅದು ತಾನೇ ಹೆಣೆದುಕೊಳ್ಳುತ್ತದೆ.

"ನಿಮ್ಮ ರಿಜಿಸ್ಟರಲ್ಲಿ ಸಕ್ಕರೆ ಕಾಯಿಲೆ ಅಂತ ಬರ್ದಿದೆಯಲ್ಲ, ಡಾಕ್ಟ್ರಮ್ಮ?"

"ಬರೆದೋಳು ನಾನೇ." ವಾಗ್ದೇವಿ ಸ್ಪಿರಿಟ್ ದೀಪವನ್ನು ಆರಿಸಿದರು. "ಹೋದ ಸೋಮವಾರ ಬಸ್ಸಿನ ಕಂಡಕ್ಟರ್ ಮೂತ್ರದ ಈ ಬಾಟ್ಲಿ ತಂದುಕೊಟ್ಟ. ಇರುವೆ ಮುತ್ತುತ್ತೆ, ರೋಗಿಗೆ ತಡೆಯಲಾರದ ಬಾಯಾರಿಕೆ ಅಂತ ಮನೆಯೋರು ಹೇಳಿಕಳಿಸಿದ್ರು. ನೀಲಿ ದ್ರಾವಣಕ್ಕೆ ಹಾಕಿ ಕಾಯಿಸಿದೆ, ಹಳದಿಗೆ ತಿರುಗ್ತು. ಸಕ್ಕರೆ ಇದೆ ಅಂತ ಗೊತ್ತಾಯ್ತು, ಪಥ್ಯ ಬರೆದು ಅದೇ ಕಂಡಕ್ಟರ್ ಕೈಲಿ ಕಳಿಸಿದೆ. ದಿನಕ್ಕೆ ನೂರು ಜನ ಬರ್ತಾರೆ, ನಾಗರಾಜಪ್ಪನವರೇ. ಗುರುವಾರ ಅವನನ್ನ ಹೊತ್ಕೊಂಡು ಬಂದಾಗ ರಕ್ತ ತೆಗೆದು ನೋಡ್ತೀನಿ, ರಕ್ತದಲ್ಲಿ ಸಕ್ಕರೆ ನಿಮಗೆ ನನಗೆ ಇರೋವಷ್ಟೇ ಇದೆ! ಆಗ ಅನುಮಾನ ಬಂದು ಬಾಟ್ಲಿ ಎತ್ತಿಟ್ಟೆ. ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ."

"ರಕ್ತದಲ್ಲಿ ಹೆಚ್ಚಿಲ್ಲದ ಸಕ್ಕರೆ ಮೂತ್ರಕ್ಕೆ ಎಲ್ಲಿಂದ ಬಂತು?"

ವಾಗ್ದೇವಿ ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಮುಳುಗಡೆ ಊರುಗಳಲ್ಲಿ ಮನೆ ಖಾಲಿ ಮಾಡಿಸೋಕೆ ಹೋದೋರು ನೀವೇ ಅಲ್ವಾ? ಆ ಜನ ಹ್ಯಾಗೆ ಖಾಲಿ ಮಾಡಿದ್ರು?"

"ಒಳಗಿದ್ದಿದ್ದನ್ನೆಲ್ಲ ಮೊದ್ಲು ತಂದು ಅಂಗಳಕ್ಕೆ ಹಾಕಿದ್ರು. ಆಮೇಲೆ ಬೇಕಾಗಿದ್ದನ್ನ ಆರಿಸಿ ಗಾಡಿಗೆ ಏರಿಸಿದ್ರು. ಬೇಡದ್ದು ಅಲ್ಲೇ ಉಳೀತು, ನೀರು ತಗೊಂಡು ಹೋಯ್ತು."

"ಮೂತ್ರಪಿಂಡ ದಿನಾ ಮಾಡೋದು ಅದನ್ನೇ. ಹಗಲು ರಾತ್ರಿ ಸೇರಿ ಹತ್ತು ಸೀಮೆಎಣ್ಣೆ ಡಬ್ಬದಷ್ಟು ನೀರನ್ನ ರಕ್ತದಿಂದ ಸೋಸಿ ಹೊರಗೆ ಹಾಕುತ್ತೆ. ಉಪ್ಪು, ಸಕ್ಕರೆ, ಕಸ ಎಲ್ಲಾ ಅದರ ಜೊತೆಗೇ ಬರುತ್ತೆ. ಆಮೇಲೆ ಕೂದಲಿಗಿಂತ ಸಣ್ಣ ಕೊಳವೆಗಳಲ್ಲಿ ಅದು ಹರಿಯೋವಾಗ, ಬೇಕಾದ್ದನ್ನ ಆರಿಸಿ ರಕ್ತಕ್ಕೆ ವಾಪಸ್ಸು ತಗೊಳ್ಳುತ್ತೆ. ಮೊದಲನೇ ತಿರುವಲ್ಲೇ ಸಕ್ಕರೆ ಪೂರ್ತಿ ವಾಪಸ್ಸು. ಉಪ್ಪು, ನೀರು ಮೂರರಲ್ಲಿ ಎರಡು ಪಾಲು ವಾಪಸ್ಸು. ಅಲ್ಲಿಂದ ಮುಂದೆ ಒಂದು ಕಡೆ ನೀರನ್ನ ಬಿಟ್ಟು ಉಪ್ಪನ್ನ ಮಾತ್ರ ಎಳ್ಕೊಳ್ಳುತ್ತೆ, ಆಗ ಉಳಿದಿದ್ದು ತೆಳ್ಳಗಾಗುತ್ತೆ. ಕೊನೇಲಿ, ಮೈಗೆ ನೀರು ಸಾಲ್ದೆ ಇದ್ರೆ, ನೀರನ್ನೂ ಎಳ್ಕೊಳ್ಳುತ್ತೆ. ಕಸ ಮಾತ್ರ ಮಂದವಾಗಿ ಉಳಿಯುತ್ತೆ. ಹತ್ತು ಡಬ್ಬದಲ್ಲಿ ಹೊರಗೆ ಹೋಗೋದು ಒಂದು ದೊಡ್ಡ ಚೊಂಬಿನಷ್ಟು."

"ಬಿಸಿಲಲ್ಲಿ ಬಂದೋಬಸ್ತಿಗೆ ನಿಂತ ದಿನ ಹಳದಿಯಾಗಿ ಗಟ್ಟಿ ಹೋಗುತ್ತೆ, ಅದಕ್ಕೇನಾ?"

"ಅದಕ್ಕೇ. ದುಗ್ಗಪ್ಪ ಬಾಯಾರಿ ಒದ್ದಾಡ್ತಿದ್ದ. ಅವನದ್ದು ಮಂದವಾಗಿ ಇರಬೇಕಿತ್ತು. ತೂಕ ನೋಡಿದ್ರೆ ಹೆಚ್ಚುಕಡಿಮೆ ಬರೀ ನೀರು. ಸಕ್ಕರೆ ಕಾಯಿಲೆಯೋರದ್ದು ಹೀಗಿರಲ್ಲ, ಭಾರ ಇರುತ್ತೆ." ಅವರು ಬಾಟಲಿಯನ್ನು ಬೆರಳಿನಿಂದ ಮುಟ್ಟಿದರು. "ಆರಿಸಿಕೊಳ್ಳೋ ಕೈಗಳೇ ಸತ್ತಿದ್ವು. ಸಕ್ಕರೇನೂ ಹಿಡೀಲಿಲ್ಲ, ನೀರನ್ನೂ ಹಿಡೀಲಿಲ್ಲ. ಕೊನೆಗೆ ಸೋಸೋದೂ ನಿಂತುಹೋಯ್ತು. ಪಾದರಸ ಮೊದಲು ಹೊಡೆಯೋದೇ ಆ ಕೊಳವೆಗಳನ್ನ."

ನಾಗರಾಜಪ್ಪ ಬಾಟಲಿಯನ್ನೇ ನೋಡಿದ. ಹೆಣ ಸುಟ್ಟಾಗಿತ್ತು, ಬೂದಿ ಹೊಳೆಗೆ ಬಿಟ್ಟಾಗಿತ್ತು. ದುಗ್ಗಪ್ಪನ ದೇಹದ್ದು ಎಂದು ಈ ಲೋಕದಲ್ಲಿ ಉಳಿದಿದ್ದು ಇದರಲ್ಲಿದ್ದ ನಾಲ್ಕು ಬೆರಳು ನೀರಷ್ಟೇ. ಹೆಂಡತಿಯ ಪರವಾಗಿ ಸಾಕ್ಷಿ ಹೇಳಲು ಪಾಪದ ಮನುಷ್ಯ ಅಷ್ಟನ್ನಾದರೂ ಬಿಟ್ಟು ಹೋಗಿದ್ದ.

"ಒಂದೇ ದಿನ ಹಾಕಿದ ವಿಷವಾ?"

"ಅಲ್ಲ. ಒಸಡು ಊದಿತ್ತು, ಬಾಯಲ್ಲಿ ಕಬ್ಬಿಣದ ರುಚಿ ಅಂತಿದ್ದನಂತೆ. ಎರಡು ಮೂರು ವಾರ, ದಿನಾ ಸ್ವಲ್ಪ ಸ್ವಲ್ಪ ಹೋಗಿದೆ. ಈ ಕಡೆ ಪಾದರಸ ಎಲ್ಲಿ ಸಿಗುತ್ತೆ? ನಾಟಿ ವೈದ್ಯರ ಭಸ್ಮದಲ್ಲಿ, ಇಲ್ಲ ಅಂದ್ರೆ ಬಿತ್ತನೆ ಬೀಜಕ್ಕೆ ಹುಳ ಬೂಷ್ಟು ಹಿಡೀದ ಹಾಗೆ ಸವರೋ ಪುಡಿಯಲ್ಲಿ."

"ಸೋಮವಾರವೇ ಗೊತ್ತಾಗಿದ್ರೆ ಉಳೀತಿದ್ನಾ?"

ವಾಗ್ದೇವಿ ಚಿಮಟವನ್ನು ಒರೆಸಿ ಟ್ರೇಗೆ ಇಟ್ಟರು. "ಇದಕ್ಕೆ ಇಂಜೆಕ್ಷನ್ ಇದೆ. ತರಿಸಬಹುದಿತ್ತು. ಯಾರಾದ್ರೂ ಒಂದು ಮಾತು, ಒಂದೇ ಒಂದು ಮಾತು ಹೇಳಿಕಳಿಸಿದ್ರೆ ಸಾಕಿತ್ತು."

ಅವನು ಬಾಟಲಿಯನ್ನು ಕಟ್ಟಿಕೊಂಡ. ಜೊತೆಗೆ, ವಾರದಿಂದ ಟ್ರೇಯ ಮೂಲೆಯಲ್ಲಿ ಬಿದ್ದಿದ್ದ ಅದರ ಬಿರಡೆಯನ್ನೂ ಎತ್ತಿಕೊಂಡ. ಹಳ್ಳಿಯವರು ಮಾಡುವಂತೆ ದಪ್ಪ ಕಾಗದವನ್ನು ಸುರುಳಿ ಸುತ್ತಿ, ದಾರ ಬಿಗಿದು, ಮೇಣ ಮೆತ್ತಿದ ಬಿರಡೆ. ಮೇಣದ ಕೆಳಗೆ ಕಾಗದದ ಬಣ್ಣ ಕೆಂಪೋ ಕಂದೋ ತಿಳಿಯುವಂತಿರಲಿಲ್ಲ. ಬೇಕಿರಲಿ ಬೇಡದಿರಲಿ ಎತ್ತಿಟ್ಟುಕೊಳ್ಳುವುದು ಅವನ ಹಳೆಯ ಚಟ. ಹೆಂಡತಿ ಇದಕ್ಕಾಗಿ ಅವನನ್ನು ದಿನಾ ಬೈಯುತ್ತಿದ್ದಳು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಳಿಸಿದ.

* * *

ಹೊಸನಗರದಿಂದ ಮೂರು ಮೈಲಿ ದೂರದಲ್ಲಿ, ಮುಳುಗಡೆಯವರಿಗೆಂದು ಸಾಲಾಗಿ ಕಟ್ಟಿದ ಹಂಚಿನ ಮನೆಗಳು. ಮಳೆ ಬಿಡುವು ಕೊಟ್ಟಿತ್ತು. ಮೂಕಮ್ಮನ ಮನೆಯ ಜಗುಲಿಯಲ್ಲಿ ಕೆತ್ತನೆಯ ದೊಡ್ಡ ಬಾಗಿಲೊಂದನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅದನ್ನು ನಿಲ್ಲಿಸುವಷ್ಟು ಎತ್ತರದ ಗೋಡೆ ಈ ಮನೆಯಲ್ಲಿರಲಿಲ್ಲ.

ಆ ಬಾಗಿಲನ್ನು ಗಾಡಿಗೆ ಏರಿಸಲು ಕೈಕೊಟ್ಟವನು ನಾಗರಾಜಪ್ಪನೇ. ನೀರು ಗದ್ದೆಯ ಬದು ಮುಟ್ಟಿದ ದಿನ ಮೂಕಮ್ಮ ಮೂರು ಸಲ ಒಳಗೆ ಹೋಗಿ ಬಂದಿದ್ದಳು. ಮೂರನೆಯ ಸಲ ಅವಳ ಕೈಯಲ್ಲಿದ್ದದ್ದು ಅಂಚು ಹರಿದ ಒಂದು ಗೆರಸಿ, ಬತ್ತ ಕೇರುವ ಬಿದಿರಿನ ಮೊರ. 'ಹರಿದಿದ್ದು ಬಿಡಿ ಅಮ್ಮಾ' ಎಂದಿದ್ದಕ್ಕೆ, 'ಇದ್ರಲ್ಲೇ ಇವ್ನನ್ನ ಹುಟ್ಟಿದ ದಿನ ಮಲಗಿಸಿದ್ದು' ಎಂದು ದುಗ್ಗಪ್ಪನನ್ನು ತೋರಿಸಿದ್ದಳು. ಅಷ್ಟು ದೊಡ್ಡ ಗಂಡಸು ಆಗ ನಾಚಿಕೊಂಡು ನಕ್ಕಿದ್ದ.

ಈಗ ಮೂಕಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅವನನ್ನು ಕಂಡದ್ದೇ ಅವಳ ಮುಖ ಬಿಗಿಯಿತು.

"ಬಂದ್ರಾ? ಅವ್ಳು ಬಾಯಿ ಬಿಟ್ಲಾ?"

"ಇಲ್ಲ ಅಮ್ಮಾ. ಕಷಾಯ ಪರೀಕ್ಷೆ ಮಾಡಿಸ್ದೆ. ಅದ್ರಲ್ಲಿ ಏನೂ ಇಲ್ಲ."

"ಸುಳ್ಳು! ನನ್ನ ಕಣ್ಣಾರೆ ಕಂಡಿದೀನಿ. ದಿನಾ ಬೆಳಿಗ್ಗೆ ಲೋಟದ ತುಂಬ ಹಿಡ್ದು ಬಾಯಿಗೆ ಹುಯ್ತಿದ್ಲು. ಕುಡ್ದಷ್ಟೂ ನನ್ ಮಗ ಕರಗ್ದ."

"ನಿಮ್ಮ ಮನೇಲಿ ಪಾದರಸದ ಔಷಧಿ, ಭಸ್ಮ ಏನಾದ್ರೂ?"

"ಎಂಥ ಭಸ್ಮ ಮಾರಾಯ್ರೆ. ನಮ್ಮಲ್ಲಿ ಅದೆಲ್ಲ ಇಲ್ಲ."

ನಾಗರಾಜಪ್ಪ ಜಗುಲಿಯ ಅಂಚಿನಲ್ಲಿ ಕೂತ. ಪೊಲೀಸಿನವನು ನಿಂತೇ ಕೇಳುವ ಪ್ರಶ್ನೆಗಳಿವೆ. ಇದು ಹಾಗೆ ಕೇಳುವುದಾಗಿರಲಿಲ್ಲ.

"ಎಲ್ರೂ ಒಂದೇ ಒಲೆ ಅನ್ನ ಉಂಡ್ರಿ. ಕಾಯಿಲೆ ಬಿದ್ದಿದ್ದು ಅವ್ನೊಬ್ನೇ. ನೀವಾಗ್ಲೀ ಶಾಂತಮ್ಮ ಆಗ್ಲೀ ಮುಟ್ಟದ್ದು, ಅವ್ನು ಮಾತ್ರ ತಿಂದಿದ್ದು ಏನಾದ್ರೂ ಇದ್ಯಾ? ಚೂರು ನೆನಪು ಮಾಡ್ಕಳಿ."

ಮೂಕಮ್ಮ ಯೋಚಿಸಿದಳು. ಅವಳ ಮುಖದ ಬಿಗಿ ಸಡಿಲವಾಯಿತು. ಮಗನಿಗೆ ತಿನ್ನಿಸಿದ್ದನ್ನು ನೆನೆಯುವ ತಾಯಿಯ ಮುಖ ಹಾಗೇ ಆಗುತ್ತದೆ.

"ಬೇರೆ ಎಂಥದೂ ಇಲ್ಲ. ಬಿತ್ತಿದೋನ ಅವಲಕ್ಕಿ ಒಂದು."

"ಅಂದ್ರೆ?"

"ನಮ್ಮ ಮನೆ ಪದ್ಧತಿ ಅದು. ಬಿತ್ತಿ ಉಳಿದ ಬತ್ತ ತಿರುಗಿ ಕಣಜಕ್ಕೆ ಹೋಗೋ ಹಾಗಿಲ್ಲ. ಬಿಸಾಡೋ ಹಾಗೂ ಇಲ್ಲ, ಅದು ಬೀಜ. ಅದನ್ನ ನೆನೆಹಾಕಿ, ಹುರಿದು, ಅವಲಕ್ಕಿ ಕುಟ್ಟಿ, ಕೆಸ್ರಲ್ಲಿ ಇಳಿದು ಬಿತ್ತಿದೋನಿಗೇ ಕೊಡ್ಬೇಕು. ಮುಗಿಯೋ ತನ್ಕ ದಿನಾ ಬೆಳಿಗ್ಗೆ ಒಂದು ಹಿಡಿ. ಬೇರೆಯೋರು ಬಾಯಿಗೆ ಹಾಕ್ಬಾರ್ದು. ನಮ್ ಮಾವನೋರು ತಿಂದ್ರು, ನಮ್ಮೆಜಮಾನ್ರು ತಿಂದ್ರು. ಹೊಸ ಜಾಗದಲ್ಲಿ ಇದು ಮೊದಲ್ನೇ ಬಿತ್ನೆ, ಪದ್ಧತಿ ತಪ್ಪಬಾರ್ದು ಅಂತ ನಾನೇ ಕೂತು ಕುಟ್ಟಿದ್ದು. ಬೆಲ್ಲ ಕಾಯಿ ಕಲಸಿ ಕೊಡ್ತಿದ್ದೆ. ರುಚಿ ಕೆಟ್ಟಿದೆ ಅವ್ವ ಅಂತಿದ್ದ. ಆದ್ರೂ ನನ್ ಮಾತಿಗೆ ತಿಂತಿದ್ದ."

ನಾಗರಾಜಪ್ಪ ಅವಳ ಕಡೆ ತಿರುಗಿ ಕೂತ.

"ಆ ಬತ್ತ ನಿಮ್ಮ ಮನೇದೇನಾ?"

"ನಮ್ಮದು ಎಲ್ಲಿದೆ ಸ್ವಾಮಿ? ಶಿಬಿರದಲ್ಲಿ ನೆನೆದು ಮುಗ್ಗಿ ಹೋಯ್ತು. ಸರ್ಕಾರದಿಂದ ಒಂದು ಚೀಲ ಕೊಟ್ರು. ಬೂದಿ ಹತ್ತಿತ್ತು. ನಾವೂ ಹುಳ ಬೀಳ್ಬಾರ್ದು ಅಂತ ಬೀಜಕ್ಕೆ ಒಲೆ ಬೂದಿ ಹಾಕ್ತೀವಲ್ಲ, ಹಂಗೇ. ಏಳು ನೀರಲ್ಲಿ ತೊಳ್ದೆ."

ಚೀಲ ಒಳಗಿತ್ತು. ಅವಳೇ ಎದ್ದು ತಂದುಕೊಟ್ಟಳು, ಮಡಚಿ ಇಟ್ಟದ್ದು. ನಾಗರಾಜಪ್ಪ ಅದರ ಮೂಲೆಯನ್ನು ಕೊಡವಿದ. ಅಂಗೈಗೆ ಬೂದಿ ಬಣ್ಣದ ಪುಡಿ ಬಿತ್ತು. ಒಲೆಯ ಬೂದಿಯಷ್ಟು ಹಗುರವಲ್ಲ, ಊದಿದರೆ ಹಾರಲಿಲ್ಲ.

ಹೇಳದೆ ಹೋಗಿಬಿಡೋಣ ಎನಿಸಿತು ಅವನಿಗೆ. ಜೀಪು ಹತ್ತಿ, ಕಷಾಯದಲ್ಲಿ ವಿಷ ಇಲ್ಲವೆಂದು ಬರೆದು ಮುಗಿಸಿದರಾಯಿತು. ಆದರೆ ಮೂಕಮ್ಮನ ದೂರು ನಿಂತಿರುವವರೆಗೆ ಶಾಂತಮ್ಮ ಹೊರಗೆ ಬರುವಂತಿಲ್ಲ. ಸೊಸೆಯನ್ನು ಬಿಡಿಸಬೇಕಾದರೆ ತಾಯಿಗೆ ಹೇಳಲೇಬೇಕು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಳ್ಳರನ್ನು ಹೊಡೆದಿದ್ದಾನೆ, ಹೆಣಗಳನ್ನು ಹೊಳೆಯಿಂದ ಎತ್ತಿದ್ದಾನೆ. ಇಂಥ ಕೆಲಸ ಅವನಿಗೆ ಬಿದ್ದಿರಲಿಲ್ಲ.

"ಅಮ್ಮಾ, ಇದು ಬೂದಿ ಅಲ್ಲ."

ಅವಳು ಅವನ ಅಂಗೈಯನ್ನು ನೋಡಿದಳು.

"ಬೀಜಕ್ಕೆ ಸವರೋ ವಿಷ. ಬಿತ್ತಿದ್ರೆ ಏನೂ ಆಗಲ್ಲ, ತಿಂದ್ರೆ... ನೆನೆಹಾಕಿದಾಗ ಅದು ಅಕ್ಕಿ ಒಳಗೆ ಇಳಿದುಬಿಟ್ಟಿದೆ. ನಿಮಗೆ ಗೊತ್ತಿರ್ಲಿಲ್ಲ. ನಿಮ್ಮ ತಪ್ಪಲ್ಲ ಅಮ್ಮಾ, ಕೇಳಿಸ್ತಾ? ನಿಮ್ಮ ತಪ್ಪಲ್ಲ."

ಮೂಕಮ್ಮ ಅಳಲಿಲ್ಲ. ಕೈಗಳನ್ನು ಮಡಿಲಿನಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಳು. ಒನಕೆ ಹಿಡಿದು ಜಡ್ಡುಗಟ್ಟಿದ ಕೈಗಳು. ಬಹಳ ಹೊತ್ತಾದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಬೆಲ್ಲ ಜಾಸ್ತಿ ಹಾಕ್ತಿದ್ದೆ. ರುಚಿ ಕೆಟ್ಟಿದೆ ಅಂದ ಅಂತ. ಅದಕ್ಕೇ ಜಾಸ್ತಿ ತಿಂದ್ನಾ?"

ನಾಗರಾಜಪ್ಪ ಅಂಗೈಯ ಪುಡಿಯನ್ನು ಚೀಲದೊಳಗೇ ಕೊಡವಿ, ಚೀಲ ಮಡಚಿದ.

"ಆ ಹೆಣ್ಣನ್ನ ಬಿಡಿ ಸ್ವಾಮಿ." ಮೂಕಮ್ಮ ಅವನ ಕಾಲಿಗೆ ಬಾಗಿದಳು. ಅವನು ಹಿಡಿದು ಕೂರಿಸಿದ. "ಬಿಡಿ. ನಾನು ಬೀದೀಲಿ ನಿಂತು ಅವ್ಳ ಬಾಯಿಗೆ ಮಣ್ಣು ಹಾಕ್ದೆ. ಕೊಂದೋಳು ಅಂದೆ. ಕೊಂದೋಳು ನಾನು. ಈಗ್ಲೇ ಬಿಡಿ."

ನಾಗರಾಜಪ್ಪ ಅಲ್ಲೇ ಚೀಟಿ ಬರೆದು, ಸಹಿ ಹಾಕಿ, ಜೀಪಿನ ಬಳಿ ನಿಂತಿದ್ದ ಪೇದೆ ಹೂವಯ್ಯನ ಕೈಗೆ ಕೊಟ್ಟ.

"ಶಾಂತಮ್ಮನ್ನ ಬಿಡು. ತವರಿಗೆ ಹೋಗ್ತೀನಿ ಅಂದ್ರೆ ನೀನೇ ತೀರ್ಥಹಳ್ಳಿ ಬಸ್ಸು ಹತ್ತಿಸಿ ಬಾ. ಯಾರೂ ಅವ್ಳನ್ನ ಏನೂ ಕೇಳ್ಬಾರ್ದು."

ಜೀಪು ಹೊರಟುಹೋಯಿತು. ಮುದುಕಿಯನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ಅವನು ಜಗುಲಿಯಲ್ಲೇ ಉಳಿದ. ಒಳಗೆ ಹೋಗಿ ತಾನೇ ಒಂದು ಚೊಂಬು ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ. ತನ್ನಷ್ಟಕ್ಕೆ ಎಂಬಂತೆ ಮಾತಾಡುತ್ತಲೇ ಇದ್ದಳು.

"ವಿಷ ಅಂದ್ರೆ ಹೇಳ್ಬೇಕಿತ್ತಲ್ಲ. ಯಾರೂ ಹೇಳ್ಲಿಲ್ಲ. ಚೀಲ ಕಟ್ಟೆ ಮೇಲೆ ಇಟ್ಟು ಹೋಗಿದ್ರು, ಇವ್ನು ಹೊತ್ಕೊಂಡು ಬಂದ. ಚೀಲದ ಬಾಯಿಗೆ ಒಂದು ಕೆಂಪು ಕಾಗ್ದ ಹೊಲ್ದಿದ್ರು, ಅಷ್ಟೇ."

"ಕಾಗ್ದನಾ?"

"ಹ್ಞೂಂ. ದಪ್ಪಂದು. ನಮಗೆ ಅಕ್ಷರ ಎಲ್ಲಿ ಬರುತ್ತೆ? ಇವ್ನಿಗೂ ಬರ್ತಿರ್ಲಿಲ್ಲ. ಮನೇಲಿ ಓದೋಕೆ ಬರೋದು ಸೊಸೆಗೊಬ್ಳಿಗೇ, ತೀರ್ಥಹಳ್ಳೀಲಿ ಎಂಟನೇ ಕ್ಲಾಸು ಕಲ್ತೋಳು. ಅವ್ಳು ಕಿತ್ತು ಓದ್ತಾ ನಿಂತಿದ್ಲು. 'ಎಂಥ ಬರ್ದಿದೆ ಹೆಣ್ಣೇ' ಅಂತ ಕೇಳ್ದೆ. 'ಸರ್ಕಾರದ ಹೆಸ್ರು ಅತ್ತೆ, ಅಷ್ಟೇ' ಅಂದ್ಲು."

ನಾಗರಾಜಪ್ಪನ ಕೈ ತಾನಾಗಿಯೇ ಜೇಬಿಗೆ ಹೋಯಿತು.

ಕರವಸ್ತ್ರ ಬಿಚ್ಚಿದ. ಉಗುರಿನಿಂದ ಮೇಣ ಕೆರೆದು, ದಾರ ಕಿತ್ತು, ಸುರುಳಿಯನ್ನು ಮೆಲ್ಲಗೆ ತೊಡೆಯ ಮೇಲೆ ಬಿಡಿಸಿದ. ಒಳಮೈ ಹೊಸದರಂತೆ ಕೆಂಪಗಿತ್ತು. ಮೇಲೆ ತಲೆಬುರುಡೆಯ ಚಿತ್ರವಿದ್ದ ಕಡೆ ಹರಿದಿತ್ತು. ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ಮೂರು ಸಾಲು: ವಿಷ ಸವರಿದ ಬೀಜ. ಬಿತ್ತನೆಗೆ ಮಾತ್ರ. ತಿನ್ನಬಾರದು.

"ಅದೇ ಕಾಗ್ದ!" ಮೂಕಮ್ಮ ಮುಂದಕ್ಕೆ ಬಾಗಿದಳು. "ನಿಮ್ ಹತ್ರ ಹ್ಯಾಗೆ ಬಂತು?"

"ಸಾಗರದ ಡಾಕ್ಟ್ರಿಗೆ ಕಳಿಸಿದ ಬಾಟ್ಲಿ. ಅದನ್ನ ತುಂಬಿದ್ದು ಯಾರು?"

"ಅವ್ಳೇ. ತುಂಬಿ, ಬಿರಡೆ ಹಾಕಿ, ಕಂಡಕ್ಟ್ರ ಕೈಲಿ ಕೊಟ್ಟು ಬಂದ್ಲು. ಎಂಥ ಬರ್ದಿದೆ ಸ್ವಾಮಿ ಅದ್ರಲ್ಲಿ? ಓದಿ."

ಅವನು ಆ ಮುದುಕಿಯ ಮುಖ ನೋಡಿದ. ಒಂದೇ ಮಧ್ಯಾಹ್ನದಲ್ಲಿ ಅವಳ ಮೇಲೆ ಹೇರಿದ್ದು ಸಾಕಾಗಿತ್ತು.

"ಸರ್ಕಾರದ ಹೆಸ್ರು ಅಮ್ಮಾ," ಎಂದ. "ಅಷ್ಟೇ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಹೊಳೆಯಿತು. ಶಾಂತಮ್ಮ ಹೇಳಿದ್ದೂ ಇದೇ ಸುಳ್ಳು. ಗಂಡ ಹಾಸಿಗೆ ಹಿಡಿದ ಮೇಲೆ ಅವಳು ಆ ಕಾಗದ ಓದಿದ್ದರೆ, ಅತ್ತೆಯ ಎದೆ ಒಡೆಯಬಾರದೆಂದು ಹೇಳಿದ ಸುಳ್ಳದು. ಹೇಳಲಾರದ್ದನ್ನು ಬಿರಡೆ ಮಾಡಿ ಡಾಕ್ಟರಿಗೆ ಕಳಿಸಿದ್ದಾಳೆ. ಅವಲಕ್ಕಿ ಕುಟ್ಟುವ ಮೊದಲೇ ಓದಿದ್ದರೆ, ಅದು ಕೊಲೆ; ಬಿರಡೆ, ಸಾಕ್ಷಿಯನ್ನು ಅಡಗಿಸಿದ ಜಾಗ.

"ಅಮ್ಮಾ, ಅವ್ಳು ಇದನ್ನ ಓದಿದ್ದು ಯಾವತ್ತು? ನೀವು ಕುಟ್ಟೋಕೆ ಮುಂಚೆಯಾ, ದುಗ್ಗಪ್ಪ ಮಲಗಿದ ಮೇಲಾ?"

ಮೂಕಮ್ಮ ಹಣೆ ಒತ್ತಿಕೊಂಡಳು. "ನಾನು ಒಲೆ ಮುಂದೆ ಇದ್ದೆ. ಅವ್ನು ನರಳ್ತಾ ಇದ್ನೋ, ಇಲ್ಲಾ ಗದ್ದೇಲಿದ್ನೋ... ನೆನಪಿಗೆ ಬರ್ತಾ ಇಲ್ಲ. ಎಲ್ಲ ದಿನಗಳೂ ಒಂದ್ರ ಮೇಲೊಂದು ಕಲಸಿಹೋಗಿವೆ, ಸ್ವಾಮಿ."

ಗೊತ್ತಿರುವವಳು ಒಬ್ಬಳೇ. ಅವಳನ್ನು ಬಿಡಲು ಚೀಟಿ ಬರೆದುಕೊಟ್ಟು ಮುಕ್ಕಾಲು ಗಂಟೆಯಾಗಿತ್ತು.

ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದಾಯಿತು. ಹೂವಯ್ಯ ಒಬ್ಬನೇ ಇಳಿದು ಬಂದು ಸೆಲ್ಯೂಟ್ ಹೊಡೆದ.

"ಬಸ್ಸು ಹತ್ತಿಸ್ದೆ ಸಾರ್. ಹೊರಟೂ ಆಯ್ತು."

"ಏನಾದ್ರೂ ಹೇಳಿದ್ಲಾ?"

"ಬಿಡುಗಡೆ ಅಂದ್ರೂ ಮುಖದಲ್ಲಿ ಏನೂ ಕಾಣ್ಲಿಲ್ಲ ಸಾರ್. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಕೇಳಿದ್ಲು. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ."

"ಏನಂತ?"

"'ಸಾಹೇಬ್ರು ಆ ಬಿರಡೆ ಬಿಚ್ಚಿ ನೋಡಿದ್ರಾ?' ಅಂತ. ನಂಗೆ ಗೊತ್ತಿರೋ ಹಾಗೆ ಇಲ್ಲ ಅಂದೆ ಸಾರ್. ಆಗ ಅಳೋಕೆ ಶುರು ಮಾಡಿದ್ಲು."